ತೂತಿನ ಲೆಕ್ಕ

ಮೂರು ಮಿಲಿಮೀಟರಿನ ಜರಡಿ. ಥೆರಾನ್ ಅಲ್ಲಾಡಿಸುತ್ತಾನೆ,
ನಾನು ನೋಡುತ್ತೇನೆ. ನೋಡುವುದೇ ನನ್ನ ಕೆಲಸ,
ದಿನಗೂಲಿಯ ಚೀಟಿಯಲ್ಲಿ ಹಾಗೆಂದೇ ಇದೆ:
ಎಲಾದಿಯಾ ಬರ್ರೋನ್, ಚುಮಾಶ್, ಕಾವಲು.
ಮನುಷ್ಯರ ಎಲುಬು ಕಂಡರೆ ಕೈ ಎತ್ತಬೇಕು. ಆಗ ಎಲ್ಲವೂ ನಿಲ್ಲುತ್ತದೆ.
ನಾಲ್ಕು ದಿನದಿಂದ ಕೈ ಎತ್ತಿಲ್ಲ.

ಕಡಲ ಮಂಜು ಮೇಲೇಳಲು ಒಲ್ಲದು.
ಆಚೆ ದಡ ಇದೆಯೆಂದು ನಂಬಿಕೊಂಡು ಕೂತಿದ್ದೇವೆ.
ಹುಲ್ಲಿನಲ್ಲಿ ಹನ್ನೊಂದು ದುಂಡು ತಗ್ಗು,
ಬೋಗುಣಿ ಒತ್ತಿ ತೆಗೆದ ಹಾಗೆ. ಒಂದೊಂದೂ ಒಂದು ಮನೆ.
ಒಂದರೊಳಗೆ ಮೊಣಕಾಲುದ್ದ ಇಳಿದಿದ್ದೇವೆ
ಬಾಗಿಲು ಎಲ್ಲಿತ್ತೋ ತಿಳಿಯದೆ ಮಾಡಿನಿಂದ ನುಗ್ಗಿದವರು.

ಮಣ್ಣು ಉದುರಿಹೋಗುತ್ತದೆ. ಉಳಿಯುವುದು ಚಿಪ್ಪು, ಚಿಪ್ಪು, ಚಿಪ್ಪು,
ಮೀನಿನ ಮುಳ್ಳು, ಡಾಂಬರಿನ ಒಂದು ಹೆಂಟೆ,
ಅದರ ಬೆನ್ನಿಗೆ ಬುಟ್ಟಿಯ ಹೆಣಿಗೆಯ ಅಚ್ಚು.
ಕಲ್ಲಿನ ಬೈರಿಗೆಗಳು, ಸೌತೆಬೀಜದಷ್ಟೇ ಉದ್ದ.
ಆಮೇಲೆ ಮಣಿಗಳು.

ಒಂದೂ ಇಡಿಯಿಲ್ಲ.
ಕೊರೆಯುವಾಗ ಸೀಳಿದ್ದು, ಅರ್ಧ ಕೊರೆದು ಬಿಟ್ಟದ್ದು,
ಅಂಚಿಗೆ ಸರಿದ ತೂತು,
ಎರಡೂ ಕಡೆಯಿಂದ ಕೊರೆದು ನಡುವೆ ಕೂಡದ್ದು.
ಚೆನ್ನಾಗಿ ಬಂದದ್ದೆಲ್ಲ ದೋಣಿ ಹತ್ತಿ ಆಚೆ ದಡಕ್ಕೆ ಹೋಯಿತು
ಓಕ್ ಮರದ ಕಾಯಿಗೆ, ಜಿಂಕೆಯ ಚರ್ಮಕ್ಕೆ,
ಯಾರದೋ ಮದುವೆಯ ಕೊರಳಿಗೆ.
ಥೆರಾನ್ ಬರೆಯುತ್ತಾನೆ: ಒಡಕು, ನಾನೂರ ಹದಿನೇಳು.

ಮೇಲಿನ ಪದರದಲ್ಲಿ ಒಂದೇ ಒಂದು ನೀಲಿ ಗಾಜು. ಸ್ಪೇನಿನವರದು.
ಅದಕ್ಕೆ ತೂತು ಮೊದಲೇ ಇತ್ತು.

"ಇದಾದ ಮೇಲೆ ಜನ ಬಿಟ್ಟುಹೋದರು" ಅನ್ನುತ್ತಾನೆ,
ಮೆಲ್ಲಗೆ, ನನ್ನ ಮುಖ ನೋಡದೆ.
ಬಿಟ್ಟುಹೋದರು. ಬಾಡಿಗೆ ಮನೆ ಬಿಟ್ಟ ಹಾಗೆ.
ಮಿಷನ್ನಿನ ದಪ್ಪ ಪುಸ್ತಕ ನಾನೂ ಓದಿದ್ದೇನೆ:
ದಡಾರ ಹರಡಿದ ಮೇಲೆ, ಒಂದೇ ಬೆಳಿಗ್ಗೆ
ಹತ್ತೊಂಬತ್ತು ತಲೆಗೆ ನೀರು, ಹತ್ತೊಂಬತ್ತು ಹೊಸ ಹೆಸರು.
ಊರಿನ ಹೆಸರು ಮಾತ್ರ ಹಳೆಯದು, ಅದೂ ತಪ್ಪು ಕಾಗುಣಿತದಲ್ಲಿ.
ಎಂಟನೆಯವಳು, ಆರು ವರ್ಷದವಳು,
ನನ್ನ ಅಜ್ಜಿಯ ಅಜ್ಜಿಯ ತಾಯಿ.

ಅಂಚಿಗೆ ಸರಿದ ಈ ತೂತು ಅವಳದೇ ಎನ್ನಲಾರೆ.
ಅಲ್ಲ ಎನ್ನಲು ಅವನಿಗೂ ಬಾಯಿಲ್ಲ.

ಊಟದ ಹೊತ್ತು. ದ್ವೀಪದ ಗಿಡ್ಡ ನರಿ ಬಂದು
ಅವನ ರೊಟ್ಟಿಯನ್ನು ಬಿಟ್ಟು ಚೀಲದ ನಂಬರುಚೀಟಿ ಕಚ್ಚಿಕೊಂಡು ಓಡಿತು.
ಬಿದ್ದು ಬಿದ್ದು ನಕ್ಕೆವು. ನಕ್ಕ ಮೇಲೆ ಹೇಳಿದೆ:
ನಮ್ಮ ಅಡುಗೆಮನೆಯ ಕಸದಲ್ಲೂ ಇಂಥವೇ ಸಿಗುತ್ತವೆ ಕಣೋ.
ಮೊಮ್ಮಗಳು ಕರೆಂಟಿನ ಬೈರಿಗೆಯಲ್ಲಿ ಕೊರೆಯುತ್ತಾಳೆ,
ಹತ್ತಕ್ಕೆ ಆರು ಸೀಳುತ್ತವೆ,
ಬೈಯುತ್ತಾಳೆ, ಗುಡಿಸಿ ಎಸೆಯುತ್ತಾಳೆ, ಮತ್ತೆ ಕೂರುತ್ತಾಳೆ.
ಅದನ್ನೂ ಬರೆದುಕೋ.

ಪೆನ್ಸಿಲ್ ಎತ್ತಿದ.
ಪುಟ ತಿರುವಿದ.
ಯಾವ ಪದರದಲ್ಲಿ, ಎಂದು ಕೇಳಿದ.