ದಾರ

ಚೋಂದಮ್ಮ ಟೀಚರು ಕಾಫಿ ಚೀಲದ ಹೊಲಿಗೆ ಬಿಚ್ಚಿ
ಗೋಳದ ಮೇಲೆ ದಾರ ಎಳೆದರು:
ಆಕ್ಲೆಂಡಿನಿಂದ ಸ್ಯಾಂಟಿಯಾಗೊ.
ಒಂದು ಗೇಣು, ಮೇಲೆ ಅರೆಬೆರಳು.
ಒಂಬತ್ತು ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು,
ಹನ್ನೊಂದು ತಾಸು, ಬರೀ ನೀರ ಮೇಲೆ.

"ಸಂಜೆ ಹತ್ತಿದವರು
ಅದೇ ದಿನ ಮಧ್ಯಾಹ್ನ ಇಳಿಯುತ್ತಾರೆ."

ನಾಪೋಕ್ಲಿನ ಏಳನೇ ಕ್ಲಾಸು ಸುಮ್ಮನಾಯಿತು.
ಗಡಿಯಾರದ ಹಿಂದೆ ಹಲ್ಲಿ ಲೊಚಗುಟ್ಟಿತು.

ಹಿಂದಿನ ಬೆಂಚಿನ ಚುಂಡ ಎದ್ದ:
"ಹಾಗಾದ್ರೆ ಮಧ್ಯಾಹ್ನದ ಊಟ ಎರಡು ಸಲವಾ, ಟೀಚರ್?"

ಎಲ್ಲ ನಕ್ಕರು. ಟೀಚರು ನಗಲಿಲ್ಲ.
ಬೆರಳಿಗೆ ದಾರ ಸುತ್ತುತ್ತ
ಅವನ ತಟ್ಟೆ ಬೆಳಿಗ್ಗೆ ಏನು ಕಂಡಿತ್ತೆಂದು ಕೇಳದೆ
ಬೇರೊಂದು ಲೆಕ್ಕಕ್ಕಿಳಿದರು:

ಲೈನುಮನೆಯಿಂದ ಶಾಲೆ, ಆರು ಕಿಲೋಮೀಟರು,
ನಡುವೆ ಹೊಳೆ,
ಆನೆ ಅಡ್ಡ ಬರದಿದ್ದರೆ ಒಂದೂವರೆ ತಾಸು.

ಗೋಳದಲ್ಲಿ ಅಳೆಯಹೋದರೆ
ದಾರದ ದಪ್ಪವೇ
ಅದಕ್ಕಿಂತ ದೊಡ್ಡದು.