ಏಟು ಯಾರದು

ಅರಸೀಕೆರೆ ಸ್ಟೇಷನ್ ರಸ್ತೆ, ಅಪ್ಪನ ಟೈಲರ್ ಅಂಗಡಿ,
ಯಾರದೋ ಮದುವೆ ಕೋಟಿನ ಬಟ್ಟೆ
ತಪ್ಪಿ ಕತ್ತರಿಸಿದ್ದಕ್ಕೆ
ಗಜಕಡ್ಡಿಯಿಂದ ಬಿದ್ದ ಏಟು.
ಬರೆದೆ. ಅಚ್ಚಾಯಿತು.
ಓದಿದವರು ನನ್ನ ಅಂಗೈ ಹಿಡಿದು ನೋಡಿದರು.

ಸಾವಂತ್ರಕ್ಕ ಕನ್ನಡಕ ಏರಿಸಿ ಎರಡು ಸಲ ಓದಿದಳು.
"ನಿಂಗೆಲ್ಲಿ ಬಿತ್ತೇ? ಬಿದ್ದದ್ದು ನಂಗೆ.
ನೀನು ಕಾಜಾ ಹೊಲೀತಾ ಕೂತಿದ್ದೆ,
ತಲೆ ಎತ್ತಲಿಲ್ಲ."

ಹೌದಾ?
ನನಗೆ ನೆನಪಿರುವುದು ಸದ್ದು,
ಆಮೇಲೆ ಹಾಯ್ದ ಗೂಡ್ಸು ಗಾಡಿ,
ನಡುಗಿದ ಗುಂಡಿಡಬ್ಬಿ.
ಉರಿ ಎಲ್ಲಿಂದ ತಂದೆನೋ.

"ಇರ್ಲಿ ಬಿಡು, ಚೆನ್ನಾಗಿ ಬರ್ದಿದೀಯ" ಅಂದಳು,
ಎಡಗೈ ಸೆರಗಿನೊಳಗೆ ಎಳೆದುಕೊಂಡು.

ಎರಡನೇ ಮುದ್ರಣಕ್ಕೆ ತಿದ್ದಲು ಕೂತಿದ್ದೇನೆ:
'ನನ್ನ' ಹೊಡೆದುಹಾಕಿ 'ಅಕ್ಕನ'.
ಸಾಲು ಸರಿಹೋಯಿತು.
ಕಾಜಾ ಹೊಲಿಯುತ್ತಿದ್ದವಳನ್ನು
ಎಲ್ಲಿ ಕೂರಿಸಲಿ?