ತೂಕದಾಂವನ ತೂಕ

ಗದಗ ಎಪಿಎಂಸಿಯ ದಲಾಲಿ ಅಂಗಡಿಯೊಳಗ
ಇಪ್ಪತ್ತಾರು ವರ್ಷ ತೂಕಾ ಮಾಡೇನಿ.
ಹೆಸರು, ಕಡ್ಲಿ, ಬಿಳಿಜ್ವಾಳ, ಶೇಂಗಾ,
ಚೀಲ ನೋಡಿದ ಕೂಡ್ಲೆ ಹೇಳ್ತೇನಿ:
ಇದು ಐವತ್ತೊಂದೂವರಿ,
ಇದರಾಗ ಹಸಿ ಐತಿ,
ಇದರ ತಳದಾಗ ಉಸುಕು.
ನನ್ನ ಚೀಲದ ಸುದ್ದಿ ಮಾತ್ರ
ನನಗ ತಿಳೀಲಿಲ್ಲ.

ಬೆಟಗೇರಿ ದವಾಖಾನಿಯ ಗೇಣಗಲದ ಕಾಟಾದ ಮ್ಯಾಲೆ
ಚಪ್ಪಲಿ ಬಿಟ್ಟು, ಕಿಸೆದಾಗಿನ ಎಲಿಅಡಿಕಿ ಸಂಚಿ ತಗದಿಟ್ಟು
ಉಸಿರು ಹಿಡದು ನಿಂತೆ.
ತೊಂಬತ್ನಾಕು.
"ಉಸಿರಿಗೆ ತೂಕ ಇಲ್ರಿ ಮೈಲಾರಪ್ಪನವರ,"
ಡಾಕ್ಟರಮ್ಮ ನಕ್ಕೋತ ಚೀಟಿ ಬರದ್ರು.
ಅನ್ನ ಕಮ್ಮಿ, ಎಣ್ಣಿ ಕಮ್ಮಿ, ಪ್ರೋಟೀನು ಜಾಸ್ತಿ.
"ಪ್ರೋಟೀನು ಅಂದ್ರ, ಆ ಡಬ್ಬಿಯೊಳಗಿನ ಪುಡಿ ಏನ್ರಿ ಬಾಯಾರ?"
"ಅಲ್ರಿ. ನೀವು ದಿನಾ ತೂಗೂದು."

ಸಂಜೀಕ ಹೆಸರಿನ ರಾಶಿ ಮುಂದ ಕುಂತೆ.
ಇಷ್ಟು ವರ್ಷ ಬಟ್ಟಿನ ಸಂದ್ಯಾಗಿಂದ ಜಾರಿಸಿದ್ದು,
ಹಸಿ ಐತೋ ಒಣಗೇತೋ ನೋಡಾಕ
ಹಲ್ಲಿನಾಗ ಕಡದು ಉಗುಳಿದ್ದು
ಲೆಕ್ಕ ಇಲ್ಲ.
ನುಂಗಿದ್ದು ಎಷ್ಟು?

ಪಾರವ್ವ ಮಡಕಿಕಾಳು ನೆನಸಿ
ಹಳೇ ಧೋತರದಾಗ ಗಂಟು ಕಟ್ಟಿ
ಗೂಟಕ್ಕ ನೇತ ಹಾಕಿದ್ಳು.
ಎರಡನೇ ಮುಂಜಾನೆ ಎಲ್ಲಾದಕ್ಕೂ ಬಾಲ.
ಚಟ ನೋಡ್ರಿ, ತೂಗಿದೆ.
ಪಾವು ಕಿಲೊ ಇದ್ದದ್ದು ಅರ್ಧ ದಾಟಿತ್ತು.
ತಾನು ಏರಿಕೊಂಡು ನಿನ್ನನ್ನ ಇಳಸ್ತೇನಿ ಅಂತೈತಲ್ಲ,
ಇಂಥಾ ದಲಾಲಿ ನಮ್ಮ ಯಾರ್ಡಿನಾಗೂ ಇಲ್ಲ!
"ನೀರಲಾ ಅದು," ಅಂದ್ಳು ಪಾರವ್ವ,
"ಮಾರೂ ಮುಂದ ಹಾಕಿದ್ರ ಮೋಸ,
ಮನ್ಯಾಗ ಹಾಕಿದ್ರ ಪಲ್ಲೆ."

ಹನ್ನೊಂದಕ್ಕ ಮಿರ್ಚಿ ಗಾಡಿ ಬರ್ತೈತಿ.
ಅದರ ಹಿಂದ ನನ್ನ ಹಸಿವೂ ಬರ್ತಿತ್ತು,
ಒಂದ ದಿನಾ ತಪ್ಪಿಸಿದ್ದಿಲ್ಲ.
ಕಾಳು ತಿಂದ ವಾರದಾಗ ಗಾಡಿ ಬಂತು,
ಹಸಿವು ಬರಲಿಲ್ಲ.
ಒಂದೂವರಿಗೆ ಬಂತು, ಅದೂ ಮೆತ್ತಗ,
ಬಾಕಿ ಕೇಳಾಕ ಬಂದ ಬೀಗರಂಗ.
ತಿಂಗಳಿಗೆ ಒಂದೂವರಿ ಕಿಲೊ ಹೋತು.

ಮುಂದಿನ ತಿಂಗಳು ಏನೂ ಹೋಗಲಿಲ್ಲ.
ಯಾಕ ಹೋದೀತು?
ಔಷಧ ಅಂತ ತಿಳಿದು ಉಸಳಿ ಎರಡು ತಾಟು,
ಅದರ ಮ್ಯಾಲೆ ಶೇಂಗಾ ಹಿಂಡಿ, ಹಿಂಡಿ ನಡುವ ಕುಣಿ ಮಾಡಿ ಎಣ್ಣಿ,
ರೊಟ್ಟಿ ಮೂರು, ನಾಕನೇದು ಪಾರವ್ವ ನೋಡದಾಗ.
"ಕಾಳಿಗೂ ಲೆಕ್ಕ ಐತ್ರಿ," ಅಂದ್ರು ಡಾಕ್ಟರಮ್ಮ.
ಲೆಕ್ಕದಾಂವಗ ಲೆಕ್ಕ ಹೇಳಿಸ್ಕೊಂಡು
ಬಸ್ಸಿಗೆ ಹೋಗದ ನಡಕೋತ ಬಂದೆ,
ಸಿಟ್ಟಿಲೆ.

ಹಾಲಪ್ಪ ಅಂತ ಹಮಾಲ ಹುಡುಗ ಒಬ್ಬ ಇದ್ದಾನ.
ಅವನ ತೂಕ ಐವತ್ತು.
ಅವನ ಬೆನ್ನ ಮ್ಯಾಲಿನ ಚೀಲದ್ದೂ ಐವತ್ತು.
ನನ್ನ ಡಬ್ಬಿಯೊಳಗ ಹಣಿಕಿ ಹಾಕಿ ಕೇಳ್ದ,
"ಕಾಕಾ, ಇದನ್ನ ತಿಂದ್ರ ತೂಕ ಏರತೈತೆನ್ರಿ?"
ಇಳಿತೈತಿ ಅನ್ನಾಕ ಬಾಯಿ ತಗದೆ.
ಅವನ ಕೊಳ್ಳಿನ ಎಲುವು ನೋಡಿದೆ,
ಗೋಣಿ ದಾರ ತಿಕ್ಕಿ ಕಪ್ಪಾದ ಹೆಗಲು ನೋಡಿದೆ.
"ತಿಂದು ನೋಡ," ಅಂದೆ.

ಆವತ್ತಿಂದ ಡಬ್ಬಿ ಒಂದ, ಕೈ ಎರಡು.
ನಂದು ಅರ್ಧಕ್ಕ ನಿಂತೈತಿ.
ಪಾರವ್ವಗ ಹೇಳಿಲ್ಲ,
ಆದ್ರ ಆಕಿ ಗಂಟು ಈಗೀಗ ದೊಡ್ಡದಾಗೇತಿ.

ಶನಿವಾರ ಸಂಜೀಕ ಅಂಗಡಿ ಕಸಾ ಹೊಡದ ಮ್ಯಾಲೆ
ದೊಡ್ಡ ಕಾಟಾ ಖಾಲಿ ಬಿದ್ದಿತ್ತು.
"ಬಾರಲೇ," ಅಂದೆ. ಹತ್ತಿದ, ನಾನೂ ಹತ್ತಿದೆ.
ಕೆಂಪು ಅಂಕಿ ನೂರಾ ನಲವತ್ಮೂರು ಅಂತು,
ನಾಕು ಅಂತು, ಮತ್ತ ಮೂರು.
ಯಾರು ಎಷ್ಟಂತ ಅದಕ್ಕ ಗೊತ್ತಿಲ್ಲ.
ಅದು ನಿಲ್ಲೂಮಟ ಕಾದ್ವಿ,
ಒಬ್ಬರೂ ಉಸಿರು ಹಿಡೀಲಿಲ್ಲ.